ಗೇಟು ತೆರೆಯುವ ಹೊತ್ತು

ಇಸ್ರೇಲ್ ವಶದಲ್ಲಿರುವ ಪ್ಯಾಲೆಸ್ತೀನಿ ಪ್ರದೇಶವಾದ ವೆಸ್ಟ್ ಬ್ಯಾಂಕಿನಲ್ಲಿ ಇಸ್ರೇಲ್ ಕಟ್ಟಿದ ತಡೆಗೋಡೆ ಎಂದಾಗ ಕಣ್ಣ ಮುಂದೆ ಬರುವುದು ಎಂಟು ಮೀಟರ್ ಎತ್ತರದ ಕಾಂಕ್ರೀಟು. ಅದು ಜೆರುಸಲೇಂ, ಬೆತ್ಲೆಹೆಮ್, ಕಲ್ಕೀಲಿಯಾದಂಥ ಪಟ್ಟಣಗಳ ಮಗ್ಗುಲಲ್ಲಿ ನಿಂತಿರುವ ಭಾಗ. ಒಟ್ಟು ಉದ್ದದಲ್ಲಿ ಅದರ ಪಾಲು ಸುಮಾರು ಹತ್ತರಲ್ಲೊಂದು ಅಷ್ಟೆ. ಉಳಿದದ್ದು ಹೊಲ, ತೋಟ, ಗುಡ್ಡಗಳ ನಡುವೆ ಹಾದುಹೋಗುವ ಬೇಲಿ. ಬೇಲಿ ಎಂದರೆ ಒಂದು ಸಾಲು ತಂತಿಯಲ್ಲ. ಮೊದಲು ಪಿರಮಿಡ್ಡಿನಂತೆ ಪೇರಿಸಿದ ಬ್ಲೇಡು ತಂತಿಯ ಸುರುಳಿಗಳು, ಆಮೇಲೆ ವಾಹನ ದಾಟದಂತೆ ತೋಡಿದ ಕಂದಕ, ಅದರಾಚೆ ಮುಟ್ಟಿದರೆ ನಿಯಂತ್ರಣ ಕೊಠಡಿಗೆ ಸುದ್ದಿ ಮುಟ್ಟಿಸುವ ಸೆನ್ಸರುಳ್ಳ ಬೇಲಿ, ಹೆಜ್ಜೆ ಗುರುತು ಮೂಡಲೆಂದು ನಯವಾಗಿ ಗೀರಿಟ್ಟ ಮಣ್ಣಿನ ಪಟ್ಟಿ, ಗಸ್ತು ಜೀಪಿನ ಡಾಂಬರು ರಸ್ತೆ, ಕೊನೆಗೆ ಮತ್ತೆ ತಂತಿ. ಎಲ್ಲ ಸೇರಿ ಅಗಲ ಸರಾಸರಿ 60 ಮೀಟರ್. ಹಾಗಾಗಿ ಒಂದು ಕಿಲೋಮೀಟರ್ ಬೇಲಿ ತನ್ನ ಮೈಗೇ 60 ದುನುಂ ನೆಲ ನುಂಗುತ್ತದೆ. ದುನುಂ ಎಂದರೆ ಸಾವಿರ ಚದರ ಮೀಟರ್, ಹತ್ತಿರ ಹತ್ತಿರ ಹತ್ತು ಗುಂಟೆ. ಕಿಲೋಮೀಟರಿಗೆ ಹದಿನೈದು ಎಕರೆ ಹೋಯಿತು. ಆ ನೆಲ ಕಣ್ಣೆದುರೇ ಹೋದದ್ದು, ಅದರ ನಷ್ಟವನ್ನು ಅಳೆದು ಹೇಳಬಹುದು. ಅಳೆಯಲು ಕಷ್ಟವಾದ ನಷ್ಟ ಬೇಲಿಯ ಆಚೆ ಉಳಿದುಕೊಂಡ ಜಮೀನಿನದು. ಅದು ಕಾಗದದಲ್ಲಿ ಇನ್ನೂ ರೈತನದೇ. ಆದರೆ ಅಲ್ಲಿಗೆ ಯಾವಾಗ ಹೋಗಬೇಕು, ಎಷ್ಟು ಹೊತ್ತು ಇರಬೇಕು, ಜೊತೆಗೆ ಯಾರು ಬರಬಹುದು ಎಂಬುದನ್ನು ಬೇರೆಯವರು ತೀರ್ಮಾನಿಸುತ್ತಾರೆ. ಬೇಲಿ ರೈತನಿಂದ ನೆಲಕ್ಕಿಂತ ಹೆಚ್ಚಾಗಿ ಕಾಲವನ್ನು ಕಿತ್ತುಕೊಂಡಿದೆ ಎಂಬುದು ನನ್ನ ತಿಳಿವಳಿಕೆ. ಬೇಸಾಯದಲ್ಲಿ ಕಾಲ ತಪ್ಪಿದರೆ ನೆಲವಿದ್ದೂ ಇಲ್ಲದಂತೆ.

ಎರಡನೆಯ ಇಂತಿಫಾದಾದ, ಅಂದರೆ ಇಸ್ರೇಲಿ ಆಡಳಿತದ ವಿರುದ್ಧ ಪ್ಯಾಲೆಸ್ತೀನಿಯರ ಎರಡನೆಯ ದಂಗೆಯ, ಆತ್ಮಾಹುತಿ ಬಾಂಬ್ ದಾಳಿಗಳ ನಡುವೆ, 2002ರಲ್ಲಿ ಇಸ್ರೇಲ್ ಸರ್ಕಾರ ಇದನ್ನು ಕಟ್ಟಲು ಹೊರಟಿತು. ಭದ್ರತೆಯೇ ಅದು ಕೊಟ್ಟ ಕಾರಣ. ಬೇಲಿ 1949ರ ಕದನವಿರಾಮದ ಗೆರೆಯ ಮೇಲೇ, ಅಂದರೆ ಇಸ್ರೇಲನ್ನೂ ವೆಸ್ಟ್ ಬ್ಯಾಂಕನ್ನೂ ಬೇರ್ಪಡಿಸುವ ಹಸಿರು ಗೆರೆಯ ಮೇಲೇ ನಿಂತಿದ್ದರೆ ರೈತರ ಜಮೀನಿನ ಪ್ರಶ್ನೆ ಇಷ್ಟು ಬೆಳೆಯುತ್ತಲೇ ಇರಲಿಲ್ಲ. ಹಸಿರು ಗೆರೆಯ ಉದ್ದ ಸುಮಾರು 320 ಕಿಲೋಮೀಟರ್. ಯೋಜಿಸಿದ ತಡೆಗೋಡೆಯ ಉದ್ದ ಸುಮಾರು 710. ಅದರಲ್ಲಿ ಶೇಕಡ 85ರಷ್ಟು ವೆಸ್ಟ್ ಬ್ಯಾಂಕಿನ ಒಳಗೇ ಹಾಯುತ್ತದೆ. ಒಳಗಿರುವ ಇಸ್ರೇಲಿ ವಸಾಹತುಗಳನ್ನು ಪಶ್ಚಿಮದ ಮಗ್ಗುಲಿಗೆ ಸೇರಿಸಿಕೊಳ್ಳಲು ಬೇಲಿ ಕೊಕ್ಕೆ ಹಾಕಿಕೊಂಡು ಒಳನುಗ್ಗಿ ಹೊರಬರುವುದರಿಂದಲೇ ಉದ್ದ ಎರಡು ಪಟ್ಟು ಮೀರಿದೆ. ಅಝ್ಝೂನ್ ಮತ್ತು ನಬಿ ಇಲ್ಯಾಸ್ ಹಳ್ಳಿಗಳ ಬಳಿಯ ಒಂದು ತುಂಡಿನ ವಿಷಯದಲ್ಲಂತೂ, ಪಕ್ಕದ ವಸಾಹತಿನ ಮುಂದಿನ ವಿಸ್ತರಣೆಯ ನಕ್ಷೆಯೂ ಲೆಕ್ಕಕ್ಕೆ ಬಂದಿತ್ತೆಂಬುದನ್ನು ತನ್ನಿಂದ ಮುಚ್ಚಿಡಲಾಗಿತ್ತು ಎಂದು ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವೇ 2006ರಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು.

ಬೇಲಿಗೂ ಹಸಿರು ಗೆರೆಗೂ ನಡುವೆ ಸಿಕ್ಕಿಕೊಂಡ ನೆಲಕ್ಕೆ 'ಸೀಮ್ ಝೋನ್' ಎಂದು ಹೆಸರು. ಬಟ್ಟೆಯ ಎರಡು ತುಂಡನ್ನು ಕೂಡಿಸುವ ಹೊಲಿಗೆಯ ಹೆಸರು ಅದು. ಹಳ್ಳಿಯನ್ನೂ ಅದರ ತೋಟವನ್ನೂ ಬೇರ್ಪಡಿಸಿದ ನೆಲಕ್ಕೆ ಅಂಟಿಕೊಂಡಿದೆ. 2003ರ ಅಕ್ಟೋಬರ್ 2ರಂದು ಹೊರಟ ಸೇನಾ ಆದೇಶ ಜೆನಿನ್, ತುಲ್ಕರಮ್, ಕಲ್ಕೀಲಿಯಾ ಜಿಲ್ಲೆಗಳ ಇಂಥ ನೆಲವನ್ನು ಮುಚ್ಚಿದ ಸೇನಾ ವಲಯವೆಂದು ಘೋಷಿಸಿತು. ಇಸ್ರೇಲಿ ನಾಗರಿಕರಿಗೆ ಈ ನಿರ್ಬಂಧವಿಲ್ಲ. ಇಸ್ರೇಲಿಗೆ ವಲಸೆ ಬರುವ ಹಕ್ಕುಳ್ಳ ಯೆಹೂದಿಗಳಿಗೂ ಇಲ್ಲ. ಪರವಾನಗಿ ಬೇಕಾದದ್ದು ಆ ನೆಲದ ಒಡೆಯರಾದ ಪ್ಯಾಲೆಸ್ತೀನಿಯರಿಗೆ. ಸುಮಾರು 150 ಊರುಗಳ ಜಮೀನು ಹೀಗೆ ಆಚೆ ಉಳಿದಿದೆ. ವಲಯದ ಒಳಗೇ ಮನೆಯಿರುವ ಸುಮಾರು 11,000 ಮಂದಿಗೆ ತಮ್ಮ ಮನೆಯಲ್ಲಿ ವಾಸವಿರುವುದಕ್ಕೂ ಪರವಾನಗಿ ಬೇಕು.

ಪರವಾನಗಿಗೆ ಅಲ್ಲಿನವರು ಹೇಳುವ ಮಾತು ತಸ್ರೀಹ್. ಅರ್ಜಿಯನ್ನು ರೈತ ಮೊದಲು ಪ್ಯಾಲೆಸ್ತೀನಿ ಸಂಪರ್ಕ ಕಚೇರಿಗೆ, ಅಂದರೆ ಇರ್ತಿಬಾತ್‌ಗೆ ಕೊಡುತ್ತಾನೆ. ಅಲ್ಲಿಂದ ಅದು ಇಸ್ರೇಲಿ ಕಡೆಯ ಕಚೇರಿಗೆ ಹೋಗುತ್ತದೆ. ಗುರುತಿನ ಚೀಟಿ, ಬೆರಳಚ್ಚು ಮಾಹಿತಿಯುಳ್ಳ ಮ್ಯಾಗ್ನೆಟಿಕ್ ಕಾರ್ಡು, ಜಮೀನು ಯಾವ ತುಂಡು ಎಂದು ತೋರಿಸುವ ನಕ್ಷೆ, ಒಡೆತನದ ದಾಖಲೆ, ಒಡೆಯ ತೀರಿಕೊಂಡಿದ್ದರೆ ಷರಿಯಾ ನ್ಯಾಯಾಲಯ ಕೊಡುವ ವಾರಸುದಾರರ ಪಟ್ಟಿ, ಇಷ್ಟು ಬೇಕು. ಕೇಳಲು ಸುಲಭ. ತೊಡಕಿರುವುದು ಒಡೆತನದ ದಾಖಲೆಯಲ್ಲಿ. ಬ್ರಿಟಿಷರ ಕಾಲದಲ್ಲಿ ಆರಂಭವಾಗಿ ಜೋರ್ಡಾನ್ ಆಡಳಿತದಲ್ಲಿ ಮುಂದುವರಿದಿದ್ದ ಭೂ ನೋಂದಣಿಯನ್ನು 1968ರಲ್ಲಿ ಸೇನಾ ಆದೇಶದಿಂದ ನಿಲ್ಲಿಸಲಾಯಿತು. ಅಷ್ಟರಲ್ಲಿ ವೆಸ್ಟ್ ಬ್ಯಾಂಕಿನ ಮೂರರಲ್ಲೊಂದು ಭಾಗದ ನೋಂದಣಿ ಮಾತ್ರ ಮುಗಿದಿತ್ತು. ಉಳಿದ ಕಡೆ ರೈತರ ಕೈಯಲ್ಲಿರುವುದು ಕಂದಾಯ ಕಟ್ಟಿದ ದಾಖಲೆಯ ನಕಲು. ಅದನ್ನು ಇಖ್ರಾಜ್ ಕೈದ್ ಎನ್ನುತ್ತಾರೆ. ಅದರಲ್ಲಿ ಹೆಸರು ಬಹುಪಾಲು ಅಜ್ಜನದೋ ಮುತ್ತಜ್ಜನದೋ. ಪೌತಿ ಖಾತೆಯಾಗದೆ ಮೂರು ತಲೆಮಾರು ಕಳೆದ ಜಮೀನು ಎಂದರೆ ಕನ್ನಡದ ಓದುಗರಿಗೆ ಬೇರೆ ವಿವರಣೆ ಬೇಡ. ಉಳುವವನೊಬ್ಬ, ಹೆಸರು ಇನ್ನೊಬ್ಬನದು, ಪಾಲುದಾರರು ಇಪ್ಪತ್ತು ಮಂದಿ.

ಈ ಪಾಲುಗಾರಿಕೆಯನ್ನೇ ಪರವಾನಗಿ ಕುರಿತ ಇಸ್ರೇಲಿ ಸೇನೆಯ 2017ರ ನಿಯಮಾವಳಿ ಹಿಡಿದುಕೊಂಡಿತು. ಒಬ್ಬನ ಪಾಲಿಗೆ 330 ಚದರ ಮೀಟರಿಗಿಂತ ಕಡಿಮೆ ಬಂದರೆ ಅದು 'ಅತಿ ಚಿಕ್ಕ ತುಂಡು', ಅಂಥದ್ದಕ್ಕೆ ಬೇಸಾಯದ ಅಗತ್ಯವೇ ಇಲ್ಲ ಎಂಬ ಎಣಿಕೆ ಸೇರಿತು. ಲೆಕ್ಕ ಹಾಕಿ ನೋಡಿ. ಐದು ದುನುಂ ಆಲಿವ್ ತೋಪು, ಅಂದರೆ ಒಂದೂಕಾಲು ಎಕರೆ. ವಾರಸುದಾರರು ಇಪ್ಪತ್ತು ಮಂದಿ, ಸಮಪಾಲು ಎಂದಿಟ್ಟುಕೊಳ್ಳಿ. ತಲೆಗೆ 250 ಚದರ ಮೀಟರ್. ನೆಲದಲ್ಲಿ ಒಂದು ಬದುವೂ ಬಿದ್ದಿಲ್ಲ, ಮರಗಳು ಸಾಲಾಗಿ ಒಂದೇ ತೋಪಾಗಿ ನಿಂತಿವೆ, ಉಳುವವರು ಒಂದಿಬ್ಬರೇ. ಆದರೂ ಕಾಗದದ ಲೆಕ್ಕದಲ್ಲಿ ಇಪ್ಪತ್ತು ತುಂಡು, ಇಪ್ಪತ್ತೂ ಅತಿ ಚಿಕ್ಕವು, ಇಪ್ಪತ್ತಕ್ಕೂ ಅಗತ್ಯವಿಲ್ಲ. ಕುಟುಂಬ ಕೂಡಿ ಬೆಳೆಯುವ ತೋಪನ್ನು ಹೀಗೆ ತಲೆಯೆಣಿಕೆಯಿಂದ ಭಾಗಿಸುವುದು ಬೇಸಾಯ ಗೊತ್ತಿದ್ದವರು ಮಾಡುವ ಲೆಕ್ಕವಲ್ಲ. ತಿರುಗಿ, ಒಡೆಯ ಬದುಕಿದ್ದರೆ ಬೇರೆ ತೊಡಕು. ಎಂಬತ್ತರ ಮುದುಕ ಜಮೀನಿನ ಒಡೆಯನಾದರೆ ರೈತನ ತಸ್ರೀಹ್ ಅವನಿಗೆ. ಮರ ಹತ್ತಬಲ್ಲ ಮಗ ಒಡೆಯನಲ್ಲ, ಕೂಲಿಯಾಳಿನ ತಸ್ರೀಹ್‌ಗೆ ಅರ್ಜಿ ಹಾಕಬೇಕು. ಒಂದು ಜಮೀನಿಗೆ ಇಷ್ಟೇ ಆಳು ಎಂಬ ಮಿತಿಯೂ ಇದೆ.

ತಿರಸ್ಕಾರವಾದರೆ ಅದು ಭದ್ರತೆಯ ಕಾರಣಕ್ಕೆ ಎಂದು ಹೊರಗಿನವರು ಊಹಿಸುತ್ತಾರೆ. ರೈತರ ತಸ್ರೀಹ್ ಅರ್ಜಿಗಳಲ್ಲಿ 2018ರಲ್ಲಿ ಶೇಕಡ 72 ತಿರಸ್ಕಾರವಾದವು. ಭದ್ರತೆಯ ಕಾರಣ ಕೊಟ್ಟದ್ದು ಸುಮಾರು ಶೇಕಡ 1ರಲ್ಲಿ. ಮಾಹಿತಿ ಹಕ್ಕಿನ ಮೂಲಕ ಸೇನೆಯಿಂದಲೇ ಪಡೆದ ಈ ಅಂಕಿಗಳನ್ನು ಹಮೋಕೆದ್ ಎಂಬ ಇಸ್ರೇಲಿ ಮಾನವ ಹಕ್ಕು ಸಂಸ್ಥೆ ಹೊರತಂದಿತು. ಮಿಕ್ಕವು ಬಹುಪಾಲು ಮಾನದಂಡಕ್ಕೆ ಹೊಂದಲಿಲ್ಲ ಎಂದು ಬಿದ್ದವು: ಪಾಲು ಚಿಕ್ಕದು, ದಾಖಲೆ ಸಾಲದು, ಜಮೀನು ವಲಯದಲ್ಲಿಲ್ಲ, ಹೀಗೆ.

ತಸ್ರೀಹ್ ಸಿಕ್ಕಿತು ಎಂದುಕೊಳ್ಳೋಣ. ಅದರ ಮೇಲೆ ಗೇಟಿನ ಸಂಖ್ಯೆ ಬರೆದಿರುತ್ತದೆ. ಆ ಗೇಟಿನಲ್ಲೇ ಹೋಗಬೇಕು, ಅದರಲ್ಲೇ ಹಿಂತಿರುಗಬೇಕು, ರಾತ್ರಿ ತೋಟದಲ್ಲಿ ಉಳಿಯುವಂತಿಲ್ಲ. ಟ್ರ್ಯಾಕ್ಟರಿಗೆ ಬೇರೆ ಅನುಮತಿ. ಗೇಟುಗಳಲ್ಲಿ ಮೂರು ಬಗೆ. 2014ರ ಆಲಿವ್ ಹಂಗಾಮಿನಲ್ಲಿ ವಿಶ್ವಸಂಸ್ಥೆಯ ಮಾನವೀಯ ಸಮನ್ವಯ ಕಚೇರಿ ಎಣಿಸಿದ ಬೇಸಾಯದ ಗೇಟುಗಳು 81. ದಿನವೂ ತೆರೆಯುತ್ತಿದ್ದುದು ಒಂಬತ್ತು. ವಾರದಲ್ಲಿ ಕೆಲವು ದಿನ ತೆರೆಯುವುವು ಮತ್ತೊಂಬತ್ತು. ಉಳಿದ 63 ಆಲಿವ್ ಕೊಯ್ಲಿನ ದಿನಗಳಲ್ಲಿ ಬಿಟ್ಟರೆ ವರ್ಷವೆಲ್ಲ ಬೀಗ. ದಿನವೂ ತೆರೆಯುವ ಗೇಟು ಕೂಡ ಹಗಲೆಲ್ಲ ತೆರೆದಿರುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಒಂದೊಂದು ಸಲ ಅರ್ಧ ಗಂಟೆಯೋ ಒಂದು ಗಂಟೆಯೋ. ಜೀಪಿನಲ್ಲಿ ಸೈನಿಕರು ಬರುತ್ತಾರೆ, ಬೀಗ ತೆಗೆಯುತ್ತಾರೆ, ಒಬ್ಬೊಬ್ಬರ ಚೀಟಿಯನ್ನೂ ಪಟ್ಟಿಗೆ ಹೋಲಿಸುತ್ತಾರೆ, ಚೀಲ ಬಿಚ್ಚಿಸುತ್ತಾರೆ, ಮತ್ತೆ ಬೀಗ ಹಾಕಿಕೊಂಡು ಮುಂದಿನ ಗೇಟಿಗೆ ಹೋಗುತ್ತಾರೆ. ಒಂದೇ ತುಕಡಿ ಹಲವು ಗೇಟು ನೋಡಿಕೊಳ್ಳುವುದರಿಂದ ಒಂದು ಕಡೆ ತಡವಾದರೆ ಮುಂದಿನವಕ್ಕೂ ತಡ. ಜೀಪು ಬಾರದಿದ್ದರೆ ಇರ್ತಿಬಾತ್‌ಗೆ ಫೋನು ಮಾಡಿ ಕಾಯಬೇಕು. ಗೇಟಿನ ಮಣ್ಣುದಾರಿ ಕಂದಕದ ಪಕ್ಕದಲ್ಲಿರುವುದರಿಂದ ಜೋರು ಮಳೆ ಬಂದರೆ ಕೆಸರು ನಿಂತು ಗಾಡಿ ಹೂತುಕೊಳ್ಳುತ್ತದೆ. ಯೆಹೂದಿ ಹಬ್ಬಗಳಂದು ಗೇಟು ಮುಚ್ಚುವುದುಂಟು, ಆ ಹಬ್ಬಗಳಲ್ಲಿ ಹಲವು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಸರಿಯಾಗಿ ಕೊಯ್ಲು ಕಣ್ಣೆದುರಿಗಿರುವಾಗ.

ಆಲಿವ್ ಗಟ್ಟಿ ಮರ, ಯಾರೂ ನೋಡಿಕೊಳ್ಳದಿದ್ದರೂ ಬದುಕುತ್ತದೆ, ಹಾಗಾಗಿ ಕೊಯ್ಲಿಗೆ ಬಿಟ್ಟರೆ ಸಾಕು ಎಂಬ ವಾದವನ್ನು ಕೇಳಿದ್ದೇವೆ. ಬದುಕುತ್ತದೆ ನಿಜ. ಫಸಲು ಕೊಡುವುದು ಬೇರೆ ಮಾತು. ಮರದ ವರ್ಷ ಹೇಗೆ ಸಾಗುತ್ತದೆ ನೋಡಿ.

ಮೊದಲ ಮಳೆ ಬಿದ್ದು ನೆಲ ಬೆದೆಗೆ ಬಂದಾಗ, ನವೆಂಬರಿನಿಂದ ಈಚೆಗೆ, ಒಂದು ಉಳುಮೆ. ಮಳೆಗಾಲದ ನೀರು ನೆಲದೊಳಗೆ ಇಳಿಯಲು ಇದು ಬೇಕು. ಚಳಿಗಾಲ ಮುಗಿದು ಮಾರ್ಚ್, ಏಪ್ರಿಲಿನಲ್ಲಿ ಕಳೆ ಎದ್ದಾಗ ಮತ್ತೊಂದು ಉಳುಮೆ. ಇದು ಮೊದಲಿನದಕ್ಕಿಂತ ಮುಖ್ಯ. ಅಲ್ಲಿ ಮೇನಿಂದ ಅಕ್ಟೋಬರಿನವರೆಗೆ ಮಳೆಯೇ ಇಲ್ಲ. ಮಳೆಯಾಶ್ರಿತ ತೋಪು ಆ ಐದಾರು ತಿಂಗಳು ನೆಲದಲ್ಲಿ ಉಳಿದ ತೇವದಲ್ಲೇ ಕಾಯಿ ತುಂಬಬೇಕು. ಮೇಲುಮಣ್ಣನ್ನು ಸಡಿಲ ಮಾಡಿದರೆ ಕೆಳಗಿನ ತೇವ ಆರುವುದು ನಿಧಾನವಾಗುತ್ತದೆ. ಎರಡನೆಯ ಉಳುಮೆ ತಪ್ಪಿದರೆ ಆ ತೇವವನ್ನು ಕಳೆಯೇ ಕುಡಿಯುತ್ತದೆ, ಜೇಡಿ ಮಣ್ಣು ಬಿರಿಯುತ್ತದೆ, ಕಾಯಿ ಸಣ್ಣಗಾಗಿ ಉದುರುತ್ತದೆ.

ಗೆಲ್ಲು ಸವರುವುದು ಕೊಯ್ಲು ಮುಗಿದ ಮೇಲೆ, ಹೊಸ ಚಿಗುರಿಗೆ ಮುಂಚೆ. ಹೆಚ್ಚಾಗಿ ಫೆಬ್ರವರಿ, ಮಾರ್ಚ್. ಆಲಿವ್ ಕಾಯಿ ಕಟ್ಟುವುದು ಹಿಂದಿನ ವರ್ಷ ಬೆಳೆದ ಎಳೆಗೆಲ್ಲಿನ ಮೇಲೆ. ಸವರದ ಮರದಲ್ಲಿ ಹೊಸ ಗೆಲ್ಲು ಬೆಳೆಯುವುದು ಕಡಿಮೆ, ಒಳಗೆ ಬೆಳಕಿಲ್ಲ, ಫಸಲು ಮೇಲ್ತುದಿಗೆ ಓಡುತ್ತದೆ, ಬುಡದಲ್ಲಿ ಎದ್ದ ಚಿಗುರುಗಳು ಸತ್ವ ಹೀರುತ್ತವೆ. ಮೊದಲೇ ಈ ಮರ ಒಂದು ವರ್ಷ ತುಂಬಿ ಬಿಟ್ಟು ಮರುವರ್ಷ ಬಿಡುವು ತೆಗೆದುಕೊಳ್ಳುವ ಜಾತಿ. ತುಂಬಿದ ವರ್ಷಕ್ಕೆ ಮಾಸಿಯ, ಬರಿದಾದ ವರ್ಷಕ್ಕೆ ಶಲ್ತೂನೆ ಎಂದು ಪ್ಯಾಲೆಸ್ತೀನಿ ರೈತರು ಹೆಸರಿಟ್ಟಿದ್ದಾರೆ. ಹದವಾಗಿ ಸವರಿದರೆ ಎರಡರ ನಡುವಿನ ಅಂತರ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಶಲ್ತೂನೆ ವರ್ಷದ ಮರ ನೋಡಿ 'ಇಲ್ಲಿ ಬೇಸಾಯವೇ ನಡೆಯುತ್ತಿಲ್ಲ' ಎಂದುಬಿಡುವುದು ಕಚೇರಿಯವರಿಗೆ ಬಹಳ ಸುಲಭ.

ಎಲೆಯ ಮೇಲೆ ನವಿಲುಗಣ್ಣಿನಂಥ ಚುಕ್ಕೆ ಮೂಡಿಸುವ ಶಿಲೀಂಧ್ರ ತೇವದ ಚಳಿಗಾಲದಲ್ಲಿ ಹರಡುತ್ತದೆ. ಮಳೆಗೆ ಮುಂಚೆ ಒಮ್ಮೆ, ಚಳಿಗಾಲದ ಕೊನೆಗೆ ಒಮ್ಮೆ ತಾಮ್ರದ ದ್ರಾವಣ ಸಿಂಪಡಿಸಬೇಕು. ಮೊದಲನೆಯದು ಕೊಯ್ಲಿನ ಗೇಟಿನ ಅವಧಿಗೆ ಹೇಗೋ ಹೊಂದೀತು, ಎರಡನೆಯದಕ್ಕೆ ಗೇಟಿಲ್ಲ. ಬೇಸಿಗೆ ನಡುವಿನಿಂದ ಕಾಯಿಯೊಳಗೆ ಮೊಟ್ಟೆಯಿಡುವ ಆಲಿವ್ ನೊಣಕ್ಕೆ ಮೋಹಕ ಬಲೆ ಕಟ್ಟಿ, ವಾರಕ್ಕೊಮ್ಮೆಯಾದರೂ ಎಷ್ಟು ಬಿದ್ದಿವೆ ಎಂದು ಎಣಿಸಿ ಸಿಂಪಡಣೆಯ ದಿನ ಗೊತ್ತು ಮಾಡಬೇಕು. ನೊಣ ತಿಂದ ಕಾಯಿಯ ಎಣ್ಣೆಯಲ್ಲಿ ಆಮ್ಲ ಏರುತ್ತದೆ. ಗೊಬ್ಬರದ ಮಾತಿಗೆ ಬಂದರೆ, ಯೂರಿಯಾ, ಪೊಟ್ಯಾಸಿಯಂ ನೈಟ್ರೇಟಿನಂಥವು ಸ್ಫೋಟಕಕ್ಕೂ ಬಳಕೆಯಾಗಬಲ್ಲವೆಂದು ನಿರ್ಬಂಧದ ಪಟ್ಟಿಯಲ್ಲಿವೆ.

ಇನ್ನು ಬೆಂಕಿ. ಉಳದ ತೋಪಿನಲ್ಲಿ ಎದೆಯುದ್ದ ಬೆಳೆದ ಹುಲ್ಲು ಮೇ ಹೊತ್ತಿಗೆ ಒಣಗಿ ನಿಲ್ಲುತ್ತದೆ. ಒಂದು ಕಿಡಿ ಸಾಕು. ಹೊಗೆ ಹಳ್ಳಿಯಿಂದ ಕಾಣುತ್ತದೆ, ಗೇಟಿಗೆ ಬೀಗ. ಪ್ಯಾಲೆಸ್ತೀನಿ ಅಗ್ನಿಶಾಮಕ ವಾಹನ ಆಚೆ ಹೋಗಬೇಕಾದರೆ ಎರಡೂ ಕಡೆಯ ಸಂಪರ್ಕ ಕಚೇರಿಗಳು ಮಾತಾಡಿಕೊಳ್ಳಬೇಕು. ಅಷ್ಟರಲ್ಲಿ ಗಾಳಿ ತನ್ನ ಕೆಲಸ ಮುಗಿಸಿರುತ್ತದೆ.

ಈಗ 2019ರ ನಿಯಮಾವಳಿ ತಂದ ಕೋಟಾವನ್ನು ಇದರ ಪಕ್ಕದಲ್ಲಿಡಿ. ಬೆಳೆಗೆ ತಕ್ಕಂತೆ ವರ್ಷಕ್ಕೆ ಇಷ್ಟು ಪ್ರವೇಶ ಎಂದು ಗೊತ್ತುಮಾಡಿದರು, ಆಲಿವಿಗೆ 40. ಹತ್ತು ದುನುಂ, ನೂರೈವತ್ತು ಮರದ ತೋಪು ಎಂದುಕೊಳ್ಳಿ. ಕೈಗರಗಸದಲ್ಲಿ ಬಲಿತ ಮರ ಸವರುವವನು ದಿನಕ್ಕೆ ಹತ್ತು ಹದಿನೈದು ಮರ ಮುಗಿಸಿದರೂ ಹತ್ತರಿಂದ ಹದಿನೈದು ದಿನ. ಕಡಿದ ಗೆಲ್ಲು ಒಟ್ಟುಮಾಡಿ ಸಾಗಿಸಲು ಎರಡು ದಿನ. ಎರಡು ಉಳುಮೆಗೆ ಐದಾರು ದಿನ. ಎರಡು ಸಿಂಪಡಣೆಗೆ ಮೂರು ನಾಲ್ಕು. ಬುಡದ ಕಳೆ, ಬೆಂಕಿ ತಡೆಯುವ ಪಟ್ಟಿ ಕೆತ್ತಲು ನಾಲ್ಕು. ಮೂರು ಜನ ಸೇರಿ ದಿನಕ್ಕೆ ಏಳೆಂಟು ಮರ ಕೊಯ್ದರೆ ಕೊಯ್ಲಿಗೆ ಇಪ್ಪತ್ತು ದಿನ. ನೊಣದ ಬಲೆ ನೋಡುವುದನ್ನು ಬಿಟ್ಟೇಬಿಡಿ, ಆಗಲೇ ಐವತ್ತರ ಆಸುಪಾಸು. ಅದೂ ಪೂರ್ತಿ ಹಗಲಿನ ಲೆಕ್ಕ. ಗೇಟು ಕಾಯ್ದು ಕೈಗೆ ಸಿಗುವ ದಿನ ಅಷ್ಟು ಉದ್ದವಿರುವುದಿಲ್ಲ. ಹೋದ ದಿನ ಮಳೆ ಬಂದು ಹಿಂತಿರುಗಿದರೂ ಒಂದು ಪ್ರವೇಶ ಖರ್ಚು.

ಕೊಯ್ಲಿನ ದಿನದ ಫಜೀತಿ ಎಣ್ಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ಕೊಯ್ದ ಕಾಯಿ ಇಪ್ಪತ್ತನಾಲ್ಕು ಗಂಟೆಯೊಳಗೆ ಗಾಣಕ್ಕೆ ಬಿದ್ದರೆ ಒಳ್ಳೆಯದು, ಎರಡು ದಿನ ದಾಟಬಾರದು. ತೂತುಳ್ಳ ಕ್ರೇಟಿನಲ್ಲಿ ತುಂಬಿದರೆ ಗಾಳಿಯಾಡುತ್ತದೆ, ಆದರೆ ಟ್ರ್ಯಾಕ್ಟರಿಗೆ ಅನುಮತಿಯಿಲ್ಲದವನು ಕತ್ತೆಯ ಮೇಲೆ ಚೀಲವನ್ನೇ ಹೇರಬೇಕು. ಚೀಲದೊಳಗೆ ಕಾಯಿ ಜಜ್ಜಿ ಕಾವೇರುತ್ತದೆ, ಹುಳಿಯುತ್ತದೆ. ಸಂಜೆ ಗೇಟಿಗೆ ತಡವಾಗಬಾರದೆಂದು ಅರ್ಧ ಕೊಯ್ದ ಮರ ಬಿಟ್ಟು ಬರಬೇಕು. ಬೇಗ ಮುಗಿಸಿದವನು ಬಿಸಿಲಲ್ಲಿ ಚೀಲಗಳ ಪಕ್ಕ ಕೂತು ಜೀಪಿನ ದಾರಿ ನೋಡಬೇಕು. ಉತ್ತಮ ದರ್ಜೆಯ ಎಕ್ಸ್ಟ್ರಾ ವರ್ಜಿನ್ ಎಣ್ಣೆಗೆ ಆಮ್ಲೀಯತೆ ಶೇಕಡ 0.8 ಮೀರಬಾರದು, ಅದರ ಕೆಳಗಿನ ದರ್ಜೆಗೆ ಶೇಕಡ 2. ಒಂದೇ ತೋಪಿನ ಎಣ್ಣೆ ಮೇಲಿನ ದರ್ಜೆಯಿಂದ ಕೆಳಗೆ ಜಾರಲು ಗೇಟಿನಲ್ಲಿ ಕಳೆದ ಒಂದೆರಡು ದಿನ ಸಾಕು.

ಉತ್ತರ ವೆಸ್ಟ್ ಬ್ಯಾಂಕಿನಲ್ಲಿ ಬೇಲಿಯ ಎರಡೂ ಕಡೆ ಒಂದೇ ಬಗೆಯ ಮರಗಳನ್ನು ಹಲವು ವರ್ಷ ಹೋಲಿಸಿ ನೋಡಿದ ವಿಶ್ವಸಂಸ್ಥೆಯ ಕಚೇರಿಗೆ ಸಿಕ್ಕ ಅಂತರ ಹೀಗಿದೆ: ಆಚೆಯ ಮರಗಳ ಇಳುವರಿ ಶೇಕಡ 55ರಿಂದ 65 ಕಡಿಮೆ. ಅದೇ ಮಣ್ಣು, ಅದೇ ಮಳೆ.

ತರಕಾರಿ ಬೆಳೆಯುವವರ ಪಾಡು ಇನ್ನೂ ಬೇಗ ಮುಗಿಯಿತು. ಪಾಲಿಹೌಸಿನ ಸೌತೆ ದಿನ ಬಿಟ್ಟು ದಿನ ಕೊಯ್ಯದಿದ್ದರೆ ಬಲಿತು ಹೋಗುತ್ತದೆ. ಬಿಸಿಲೇರಿದಾಗ ಪಕ್ಕದ ಪರದೆ ಎತ್ತಲು, ಹನಿ ನೀರಾವರಿಯ ಸೋಸುಬಲೆ ಕಟ್ಟಿದಾಗ ಬಿಚ್ಚಿ ತೊಳೆಯಲು ಆಳು ಅಲ್ಲೇ ಇರಬೇಕು. ದಿನಕ್ಕೆ ಮೂರು ಸಲ ತೆರೆಯುವ ಗೇಟನ್ನು ನಂಬಿ ಇದು ನಡೆಯುವುದಿಲ್ಲ. ಕಲ್ಕೀಲಿಯಾ ಜಿಲ್ಲೆಯ ಜಯ್ಯೂಸಿನ ಸುಮಾರು 8,600 ದುನುಂ, ಊರಿನ ನೀರಾವರಿ ಬಾವಿಗಳೂ ಸೇರಿ, ಬೇಲಿಯ ಆಚೆ ಹೋದವು. ಕಿತ್ತಳೆ, ಸೀಬೆ, ಪಾಲಿಹೌಸ್ ತರಕಾರಿಯ ಊರು ಅದು. ಹೀಗಾದ ಕಡೆಗಳಲ್ಲಿ ರೈತರು ದಿನವೂ ಕೈ ಬೇಡುವ ಬೆಳೆ ಬಿಟ್ಟು ಆಲಿವ್, ಗೋಧಿಯಂಥ ಮಳೆಯಾಶ್ರಿತ ಬೆಳೆಗೆ ಇಳಿದಿದ್ದಾರೆ. ದುನುಮಿಗೆ ಬರುವ ಹಣವೂ ಅದರೊಂದಿಗೆ ಇಳಿದಿದೆ.

ಬೆಳೆ ಬಿಟ್ಟ ನೆಲಕ್ಕೆ ಇನ್ನೊಂದು ಆಪತ್ತು ಹಳೆಯ ಕಾನೂನಿನಿಂದ. 1858ರ ಒಟ್ಟೋಮನ್ ಭೂ ಸಂಹಿತೆಯ ಪ್ರಕಾರ 'ಮೀರಿ' ವರ್ಗದ, ಅಂದರೆ ಒಡೆತನ ರಾಜ್ಯದ್ದೂ ಉಳುವ ಹಕ್ಕು ರೈತನದೂ ಆದ ಜಮೀನನ್ನು ಮೂರು ವರ್ಷ ಕಾರಣವಿಲ್ಲದೆ ಬೀಳುಬಿಟ್ಟರೆ ರೈತನ ಹಕ್ಕು ಕಳೆಯಬಹುದು. ವೆಸ್ಟ್ ಬ್ಯಾಂಕಿನಲ್ಲಿ ನೋಂದಣಿಯಾಗದ ನೆಲವನ್ನು ಸರ್ಕಾರಿ ಭೂಮಿ ಎಂದು ಘೋಷಿಸಲು ಇಸ್ರೇಲ್ ಆಧಾರ ಮಾಡಿಕೊಂಡದ್ದು ಇದೇ ಸಂಹಿತೆಯನ್ನು. ಇಳುವರಿ ಸಾಲದ ತೋಪಿಗೂ ಕತ್ತೆ ಹೊಡೆದುಕೊಂಡು ಹೋಗಿ ನಾಲ್ಕು ಮರದ ಬುಡ ಕೆತ್ತಿ ಬರುವ ರೈತರ ಹಟ ಇದರಿಂದ ಅರ್ಥವಾಗುತ್ತದೆ.

ನ್ಯಾಯಾಲಯಗಳಿಂದ ಏನೂ ಆಗಿಲ್ಲ ಎನ್ನುವುದು ತಪ್ಪು. ಬೈತ್ ಸೂರಿಕ್ ಪ್ರಕರಣದಲ್ಲಿ 2004ರ ಜೂನ್ 30ರಂದು ಇಸ್ರೇಲಿ ಸರ್ವೋಚ್ಚ ನ್ಯಾಯಾಲಯ ಸುಮಾರು 40 ಕಿಲೋಮೀಟರಿನಲ್ಲಿ 30 ಕಿಲೋಮೀಟರ್ ಮಾರ್ಗವನ್ನು ರದ್ದು ಮಾಡಿತು. ರೈತರಿಗಾಗುವ ಹಾನಿ ಭದ್ರತೆಯ ಲಾಭಕ್ಕೆ ಮೀರಿದ್ದು ಎಂಬುದು ಅದರ ಕಾರಣ. ಅದಾದ ಒಂಬತ್ತು ದಿನಕ್ಕೆ, ಜುಲೈ 9ರಂದು, ವೆಸ್ಟ್ ಬ್ಯಾಂಕಿನೊಳಗೆ ಗೋಡೆ ಕಟ್ಟುವುದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 14ಕ್ಕೆ 1 ಮತದಿಂದ ಅಭಿಪ್ರಾಯ ಕೊಟ್ಟಿತು. ಬಿಲಿನ್ ಊರಿನ ಮಾರ್ಗ ಬದಲಿಸಲು 2007ರಲ್ಲಿ ತೀರ್ಪಾಯಿತು, ಬೇಲಿ ಸರಿದದ್ದು 2011ರಲ್ಲಿ. ಆ ನಾಲ್ಕು ವರ್ಷದ ಉಳುಮೆಯನ್ನು ಯಾರೂ ಹಿಂದಕ್ಕೆ ಕೊಡಲಾರರು. ಬೆತ್ಲೆಹೆಮಿನ ಪಶ್ಚಿಮಕ್ಕಿರುವ ಬತ್ತೀರಿನ ಕಲ್ಲುಕಟ್ಟೆಯ ಮೆಟ್ಟಿಲು ಹೊಲಗಳು, ಊಟೆಯ ನೀರು ಹರಿಯುವ ಕಾಲುವೆಗಳು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, 2015ರ ಆರಂಭದಲ್ಲಿ ಅಲ್ಲಿನ ಬೇಲಿಯ ಯೋಜನೆ ನ್ಯಾಯಾಲಯದಲ್ಲೇ ನಿಂತಿತು. ಆದರೆ ತಸ್ರೀಹ್ ವ್ಯವಸ್ಥೆಯನ್ನೇ ಪ್ರಶ್ನಿಸಿದ ಅರ್ಜಿಯನ್ನು ಅದೇ ಸರ್ವೋಚ್ಚ ನ್ಯಾಯಾಲಯ 2011ರ ಏಪ್ರಿಲಿನಲ್ಲಿ ಒಪ್ಪಲಿಲ್ಲ. ಕೆಲವು ತಿದ್ದುಪಡಿ ಸೂಚಿಸಿ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಮಾರ್ಗವನ್ನು ಕಿಲೋಮೀಟರಿನಲ್ಲಿ ಅಳೆದು ತಿದ್ದಿದ ನ್ಯಾಯಾಲಯ ಗೇಟಿನ ಗಂಟೆಯನ್ನು ಅಷ್ಟೇ ಕಟ್ಟುನಿಟ್ಟಾಗಿ ಅಳೆಯಲಿಲ್ಲ ಎಂಬುದು ನನ್ನ ದೂರು.

ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದ 2023ರ ಅಕ್ಟೋಬರ್ 7ರ ನಂತರ ಉಳಿದ ಗಂಟೆಗಳೂ ಹೋದವು. ದಾಳಿ ನಡೆದದ್ದು ಕೊಯ್ಲು ಶುರುವಾಗುವ ವಾರ. ತಸ್ರೀಹ್‌ಗಳು ಅಮಾನತಾದವು, ಬೇಲಿಯ ಗೇಟುಗಳು ಬಹುತೇಕ ಮುಚ್ಚಿಯೇ ಉಳಿದವು. ವಸಾಹತುಗಳ ಸುತ್ತಲಿನ ತೋಪುಗಳನ್ನೂ ಸೇರಿಸಿ ಆ ಹಂಗಾಮಿನಲ್ಲಿ ವೆಸ್ಟ್ ಬ್ಯಾಂಕಿನಲ್ಲಿ 96,000ಕ್ಕೂ ಹೆಚ್ಚು ದುನುಂ ಆಲಿವ್ ಕೊಯ್ಲಿಲ್ಲದೆ ಉಳಿಯಿತು. ಗಾಣಕ್ಕೆ ಬಾರದೆ ಹೋದ ಎಣ್ಣೆ ಸುಮಾರು 1,200 ಟನ್.

ಕೊಯ್ಯದೆ ಬಿಟ್ಟ ಕಾಯಿ ಮರದಲ್ಲೇ ಕಪ್ಪಾಗಿ, ಸುಕ್ಕಾಗಿ ಉದುರುತ್ತದೆ. ಅದರಲ್ಲಿ ಉಳಿದ ನೊಣದ ಹುಳು ನೆಲ ಸೇರಿ ಮುಂದಿನ ವರ್ಷದ ಕಾಟವಾಗಿ ಮೇಲೇಳುತ್ತದೆ. ತಡವಾಗಿ ಹಣ್ಣು ಹೊತ್ತ ಮರ ಮರುವರ್ಷ ಹೂ ಬಿಡುವುದೂ ಕಡಿಮೆ. ಎರಡು ಮೂರು ವರ್ಷ ಹೀಗೆ ಬಿದ್ದ ತೋಪಿಗೆ ಗೇಟು ಮತ್ತೆ ತೆರೆದರೂ ಒಂದೇ ಸಲಕ್ಕೆ ಎಲ್ಲವನ್ನೂ ಕಡಿದುಹಾಕುವಂತಿಲ್ಲ. ಹಾಗೆ ಮಾಡಿದರೆ ಬಿಸಿಲಿಗೆ ತೊಗಟೆ ಸುಟ್ಟು, ಮರ ಹುಚ್ಚು ಚಿಗುರು ಬಿಡುತ್ತದೆ. ಮೊದಲ ವರ್ಷ ಬುಡದ ಚಿಗುರು ಮತ್ತು ಒಣಗೆಲ್ಲು, ಎರಡನೆಯ ವರ್ಷ ಒಳಕ್ಕೆ ಬೆಳಕು ಬಿಡುವಂತೆ ಒಂದೆರಡು ದೊಡ್ಡ ಕೊಂಬೆ, ಮೂರನೆಯ ವರ್ಷ ಉಳಿದದ್ದು. ಮೂರು ಸಲವೂ ಕೆಲಸ ಬೀಳುವುದು ಫೆಬ್ರವರಿ, ಮಾರ್ಚಿನಲ್ಲಿ. ಕೊಯ್ಲಿಗೆ ಮಾತ್ರ ತೆರೆಯುವ ಗೇಟುಗಳಿಗೆ ಆಗ ಬೀಗವಿರುತ್ತದೆ.